ನಾಯಿ ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದಾಗ ಮನೆಯವರು ಮಾಡಬೇಕಾದದ್ದು

ಸಂಜೆ ಗೇಟಿನ ಸದ್ದಾದೊಡನೆ ಓಡಿಬರುವ ನಾಯಿ ಒಂದು ದಿನ ನೀರಿನ ತೊಟ್ಟಿಯ ಪಕ್ಕದಿಂದ ಏಳದೆ, ಮಲಗಿದಲ್ಲಿಂದಲೇ ಬಾಲವನ್ನು ಒಮ್ಮೆ ಅಲ್ಲಾಡಿಸಿ ಸುಮ್ಮನಾದರೆ, ಅದಕ್ಕೆ ಏನೋ ಆಗಿದೆ ಎಂಬುದು ಮನೆಯವರಿಗೆ ತಿಳಿಯುತ್ತದೆ. ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ತುಮಕೂರಿನ ಹೊರವಲಯದ ನಮ್ಮ ಮನೆಯಲ್ಲಿ ಹೀಗಾದಾಗ ಬಿಸಿಲಿನ ಆಯಾಸವಿರಬೇಕೆಂದು ನಾವು ಒಂದು ದಿನ ಕಾದೆವು. ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಇಟ್ಟರೂ ಅದು ಮೂಸಿ ನೋಡಿ ಮುಖ ತಿರುಗಿಸಿಕೊಂಡಿತು. ಮರುದಿನ ಬೆಳಿಗ್ಗೆ ಅದರ ಮೂಗಿನಿಂದ ರಕ್ತ ಒಸರುತ್ತಿರುವುದನ್ನು ಕಂಡು ಆಸ್ಪತ್ರೆಗೆ ಓಡಿದೆವು. ಅದು ಉಣ್ಣಿಯಿಂದ ಬರುವ ಜ್ವರವಾಗಿತ್ತು. ಸಾಮಾನ್ಯವಾಗಿ 2 ಲಕ್ಷಕ್ಕಿಂತ ಹೆಚ್ಚಿರಬೇಕಾದ ಪ್ಲೇಟ್‌ಲೆಟ್ ಸಂಖ್ಯೆ 20 ಸಾವಿರಕ್ಕೂ ಕೆಳಗಿಳಿದಿತ್ತು. ನಾಯಿಯೇನೋ ಉಳಿಯಿತು. ಆದರೆ ಕೊನೆಯ ಸಲ ಅದು ಹೊಟ್ಟೆ ತುಂಬ ತಿಂದದ್ದು ಯಾವಾಗ, ಮೂತ್ರದ ಬಣ್ಣ ಹೇಗಿತ್ತು, ಮೈಮೇಲೆ ಉಣ್ಣಿಗಳು ಎಂದಿನಿಂದ ಇವೆ ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಯಾರೊಬ್ಬರೂ ಖಚಿತವಾಗಿ ಉತ್ತರಿಸಲಾಗಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅಂದಿನಿಂದ ನಾನು ಕಲಿತದ್ದು, ಇಲ್ಲಿ ಹೇಳಬೇಕೆಂದಿರುವುದು ಇದು: ಮೊದಲ ಗಂಟೆಯಲ್ಲಿ ಮನೆಯವರ ಕೆಲಸ ಔಷಧಿ ಕೊಡುವುದಲ್ಲ, ನಾಯಿಯನ್ನು ಸರಿಯಾಗಿ ನೋಡುವುದು, ಕಂಡದ್ದನ್ನು ಬರೆದುಕೊಳ್ಳುವುದು ಮತ್ತು ತಡಮಾಡದೆ ವೈದ್ಯರ ಬಳಿಗೆ ಸಾಗಿಸುವುದು.

ಮೊದಲು ನೋಡಬೇಕಾದದ್ದು

ನಾಯಿಯ ಸುತ್ತ ಮನೆಮಂದಿಯೆಲ್ಲ ಮುತ್ತಿಕೊಂಡು ಕೂಗಾಡಿದರೆ ಅದು ಇನ್ನಷ್ಟು ಗಾಬರಿಗೊಳ್ಳುತ್ತದೆ. ಅದು ಹೆಚ್ಚು ನಂಬುವ ಒಬ್ಬರು ಮಾತ್ರ ಹತ್ತಿರ ಕೂರಲಿ. ಇನ್ನೊಬ್ಬರು ವೈದ್ಯರಿಗೆ ಫೋನ್ ಮಾಡಲಿ, ಮತ್ತೊಬ್ಬರು ವಾಹನ ಗೊತ್ತುಮಾಡಲಿ. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚಬಹುದು ಎಂಬುದನ್ನು ಮರೆಯದೆ, ಮುಖಕ್ಕೆ ಮುಖ ತಾರದೆ ಪಕ್ಕದಿಂದ ಮುಟ್ಟಬೇಕು.

ಮೊದಲು ಮೇಲ್ದುಟಿಯನ್ನು ಎತ್ತಿ ಒಸಡಿನ ಬಣ್ಣ ನೋಡಿ. ಆರೋಗ್ಯವಂತ ನಾಯಿಯ ಒಸಡು ತಿಳಿಗುಲಾಬಿ ಬಣ್ಣದ್ದಾಗಿದ್ದು ಒದ್ದೆಯಾಗಿರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತಸಂಚಾರ ಕುಸಿದಿದೆ, ನೀಲಿಯಾಗಿದ್ದರೆ ಆಮ್ಲಜನಕ ಸಾಲುತ್ತಿಲ್ಲ, ಹಳದಿಯಾಗಿದ್ದರೆ ಕಾಮಾಲೆ, ಇಟ್ಟಿಗೆಯಂತೆ ಕೆಂಪಾಗಿದ್ದರೆ ಬಿಸಿಲಿನ ಹೊಡೆತ ಅಥವಾ ತೀವ್ರ ಸೋಂಕು ಇರಬಹುದು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುವುದರಿಂದ ಅಂಥವುಗಳಲ್ಲಿ ಕೆಳಗಿನ ಕಣ್ಣುರೆಪ್ಪೆಯ ಒಳಭಾಗವನ್ನು ನೋಡಬೇಕು. ನಿಮ್ಮ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ಅದರ ಒಸಡನ್ನು ನೋಡಿಟ್ಟುಕೊಂಡಿದ್ದರೆ, ಕಾಯಿಲೆಯ ದಿನ ಬಣ್ಣ ಬದಲಾಗಿದೆಯೇ ಇಲ್ಲವೇ ಎಂದು ಅನುಮಾನಪಡುವ ಅಗತ್ಯ ಬೀಳುವುದಿಲ್ಲ.

ನಂತರ ಉಸಿರು. ಮಲಗಿರುವ ನಾಯಿಯ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿ 10ರಿಂದ 30ರವರೆಗೆ ಇರುವುದು ಸಹಜ. ನೆರಳಿನಲ್ಲಿ ತಣ್ಣಗೆ ಮಲಗಿರುವಾಗಲೂ 40 ದಾಟಿದರೆ ಅದನ್ನು ಕಡೆಗಣಿಸುವಂತಿಲ್ಲ. ಜ್ವರವನ್ನು ಮೂಗು ಮುಟ್ಟಿ ತಿಳಿಯಲಾಗುವುದಿಲ್ಲ. ಮೂಗು ಒಣಗಿದ್ದರೆ ಜ್ವರ, ತಣ್ಣಗಿದ್ದರೆ ಆರೋಗ್ಯ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ. ಅದನ್ನು ನೆಚ್ಚಿಕೊಂಡೇ ನಾವೂ ಒಂದು ದಿನ ಕಳೆದುಕೊಂಡೆವು. ನಾಯಿಗೆಂದೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು, ತುದಿಗೆ ಕೊಬ್ಬರಿ ಎಣ್ಣೆ ಸವರಿ, ಗುದದ್ವಾರದೊಳಗೆ ಒಂದು ಅಂಗುಲದಷ್ಟು ಇಟ್ಟು ನೋಡುವುದೇ ಸರಿಯಾದ ಕ್ರಮ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಯ ಸಹಜ ತಾಪ. ನಮಗೆ ಜ್ವರವೆನಿಸುವ ಅಂಕಿ ಅದಕ್ಕೆ ಜ್ವರವಲ್ಲ. 103 ದಾಟಿದರೆ ಜ್ವರ, 104 ದಾಟಿದರೆ ಅದೇ ದಿನ ವೈದ್ಯರು ನೋಡಬೇಕು, 99ಕ್ಕಿಂತ ಕೆಳಗಿಳಿದರೆ ಅದು ಜ್ವರಕ್ಕಿಂತಲೂ ಭಯಪಡಬೇಕಾದ ಸ್ಥಿತಿ.

ಇಷ್ಟನ್ನೂ ಸಮಯದೊಂದಿಗೆ ಒಂದು ಹಾಳೆಯಲ್ಲಿ ಬರೆಯಿರಿ. ವಾಂತಿ, ಭೇದಿ, ಮೂತ್ರ ಇವುಗಳನ್ನು ತೊಳೆದುಹಾಕುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಡಿಗೆ ಓಲಾಡುತ್ತಿದ್ದರೆ, ಮೈ ಅದುರುತ್ತಿದ್ದರೆ ಅರ್ಧ ನಿಮಿಷದ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಅದೇ ಲಕ್ಷಣವನ್ನು ಮತ್ತೆ ತೋರಿಸುತ್ತದೆ ಎಂದು ಹೇಳಲಾಗದು.

ಬೆಳಗಾಗಲೆಂದು ಕಾಯಬಾರದ ಸ್ಥಿತಿಗಳು

ಒಂದು ಹೊತ್ತು ಊಟ ಬಿಟ್ಟರೂ ಚಟುವಟಿಕೆಯಿಂದಿರುವ, ಒಂದು ಸಲ ವಾಂತಿ ಮಾಡಿಕೊಂಡು ಮತ್ತೆ ಆಡುವ ದೊಡ್ಡ ನಾಯಿಯನ್ನು ಒಂದು ದಿನ ಗಮನಿಸಬಹುದು. ಮರಿಗಳ ವಿಷಯದಲ್ಲಿ ಈ ಸಲಿಗೆ ಇಲ್ಲ. ಲಸಿಕೆ ಪೂರ್ತಿಯಾಗದ ಮರಿ ವಾಂತಿ ಮಾಡುತ್ತ, ಊಟ ಬಿಟ್ಟು, ಕೆಟ್ಟ ನಾತದ ರಕ್ತಭೇದಿ ಮಾಡತೊಡಗಿದರೆ ಅದು ಪಾರ್ವೊ ಎಂಬ ವೈರಾಣು ರೋಗವಾಗಿರುವ ಸಂಭವವೇ ಹೆಚ್ಚು. ನೀರಿನಂಶ ಬರಿದಾಗಿ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ವೈರಾಣುವನ್ನು ನೇರವಾಗಿ ಕೊಲ್ಲುವುದಕ್ಕಿಂತ, ಮರಿಯ ದೇಹ ತಾನೇ ಹೋರಾಡಿ ಗೆಲ್ಲುವವರೆಗೆ ಡ್ರಿಪ್ ಹಾಕಿ ಅದನ್ನು ಉಳಿಸಿಕೊಳ್ಳುವುದೇ ಇಲ್ಲಿಯ ಮುಖ್ಯ ಚಿಕಿತ್ಸೆ. ಹಾಗಾಗಿ ಬೇಗ ಹೋದಷ್ಟೂ ಬದುಕುವ ಅವಕಾಶ ಹೆಚ್ಚು.

ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ವಾಂತಿಗೆ ಪ್ರಯತ್ನಿಸುತ್ತಿದ್ದರೂ ಏನೂ ಹೊರಬಾರದೆ ಚಡಪಡಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿಯುವುದಿಲ್ಲ. ಗಂಡುನಾಯಿ ಪದೇಪದೇ ಕಾಲೆತ್ತಿದರೂ ಮೂತ್ರ ಬಾರದಿರುವುದು, ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಅತಿಯಾಗಿ ನೀರು ಕುಡಿಯುತ್ತ ಮಂಕಾಗಿ ಕೀವು ಸೋರಿಸುವುದು, ಉಸಿರಿಗೆ ಕುತ್ತಿಗೆ ಚಾಚಿ ಒದ್ದಾಡುವುದು, ಇವೂ ರಾತ್ರಿಯೇ ಹೊರಡಬೇಕಾದ ಸ್ಥಿತಿಗಳು.

ಮೂರ್ಛೆ ಬಂದಾಗ ಕೈಕಾಲು ಹಿಡಿದು ಒತ್ತುವುದು, ಬಾಯಿಗೆ ಚಮಚ ತುರುಕುವುದು, ಮನುಷ್ಯರಿಗೆ ಮಾಡುವಂತೆ ಕಬ್ಬಿಣದ ಬೀಗದ ಕೈ ಮುಟ್ಟಿಸುವುದು ಬೇಡ. ನಾಯಿ ತನ್ನ ನಾಲಿಗೆಯನ್ನು ನುಂಗಿಕೊಳ್ಳುವುದಿಲ್ಲ. ಬಾಯಿಗೆ ಹಾಕಿದ ನಿಮ್ಮ ಬೆರಳು ಮಾತ್ರ ಹೋದೀತು. ಸುತ್ತಲಿನ ಕುರ್ಚಿ, ಕಲ್ಲುಗಳನ್ನು ಸರಿಸಿ, ದೀಪ ಮತ್ತು ಸದ್ದು ಕಡಿಮೆಮಾಡಿ, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ಒಂದೇ ದಿನ ಮತ್ತೆ ಬಂದರೆ ಕೂಡಲೇ ಹೊರಡಿ.

ಬೇಸಿಗೆಯಲ್ಲಿ, ಮುಖ್ಯವಾಗಿ ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಬಿಸಿಲಿಗೆ ಕುಸಿದಾಗ ಮಾತ್ರ ಹೊರಡುವ ಮೊದಲೇ ಒಂದು ಕೆಲಸ ಮಾಡಬೇಕು: ಮೈಯನ್ನು ನಲ್ಲಿಯ ನೀರಿನಿಂದ ಚೆನ್ನಾಗಿ ತೋಯಿಸಿ ಗಾಳಿ ಹಾಕಿ, ಹಾಗೆಯೇ ಒದ್ದೆಯಾಗಿ ವಾಹನಕ್ಕೆ ಹತ್ತಿಸಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ತಾಪ 103ಕ್ಕೆ ಇಳಿದ ಮೇಲೆ ನೀರು ಹಾಕುವುದನ್ನು ನಿಲ್ಲಿಸಬೇಕು.

ತೋಟ, ಹೊಲ ಮತ್ತು ವಿಷ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ನಾಯಿ ಹಠಾತ್ತನೆ ಬಿದ್ದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ಎಲ್ಲೆಲ್ಲಿ ಸುತ್ತಾಡಿ ಬಂದಿತು ಎಂಬುದೆಂದು ನಾನು ಭಾವಿಸುತ್ತೇನೆ. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವಿನ ತೋಟಗಳಲ್ಲಿ ಔಷಧಿ ಹೊಡೆಯುವುದು ನಿತ್ಯದ ಕೆಲಸ. ಔಷಧಿ ಕಲಸಿದ ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು, ಬದುವಿನ ಮೇಲೆ ಬಿಸಾಡಿದ ಡಬ್ಬದ ಮುಚ್ಚಳವನ್ನು ನಾಯಿ ನೆಕ್ಕುತ್ತದೆ. ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ತಡೆಯಿಲ್ಲದ ಮಲಮೂತ್ರ, ಸ್ನಾಯುಗಳ ಅದುರುವಿಕೆ, ಕಿರಿದಾದ ಕಣ್ಣಿನ ಪಾಪೆ ಇವೆಲ್ಲ ಒಟ್ಟಾಗಿ ಕಂಡರೆ ಅದು ಆರ್ಗನೋಫಾಸ್ಫೇಟ್ ಗುಂಪಿನ ಅಥವಾ ಅದರಂಥ ಕೀಟನಾಶಕದ ವಿಷವಿರಬಹುದು. ಇದಕ್ಕೆ ಅಟ್ರೊಪಿನ್ ಎಂಬ ಮದ್ದು ಪಶುವೈದ್ಯರಲ್ಲಿದೆ. ಆದರೆ ಯಾವ ವಿಷವೆಂದು ಅವರಿಗೆ ತಿಳಿಯಬೇಕಾದುದರಿಂದ ಆ ಡಬ್ಬವನ್ನೋ ಅದರ ಚೀಟಿಯ ಫೋಟೋವನ್ನೋ ತಪ್ಪದೆ ಒಯ್ಯಬೇಕು. ದನಗಳ ಮೈಗೆ ಹಚ್ಚುವ ಉಣ್ಣಿಯ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದರಿಂದಲೂ ಇಂಥ ಅವಘಡಗಳು ಆಗುತ್ತವೆ. ಹಾಗೆ ಮೈಗೆ ತಗಲಿದ್ದರೆ ಕೈಗವಸು ಹಾಕಿಕೊಂಡು ಸೋಪು ನೀರಿನಿಂದ ತೊಳೆದು, ಅದು ಮೈ ನೆಕ್ಕದಂತೆ ನೋಡಿಕೊಂಡು ಹೊರಡಿ.

ಇಲಿ ಪಾಷಾಣದಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಬಗೆಯಿವೆ, ಎರಡರ ನಡವಳಿಕೆಯೂ ಬೇರೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ವಿಷಾನಿಲವಾಗುತ್ತದೆ. ಅನ್ನ ಬಿದ್ದಾಗ ಹೊಟ್ಟೆಯಲ್ಲಿ ಆಮ್ಲ ಹೆಚ್ಚುವುದರಿಂದ, ವಿಷ ತಿಂದಿದೆಯೆಂದು ಹಾಲನ್ನವನ್ನೋ ಮೊಟ್ಟೆಯನ್ನೋ ತಿನ್ನಿಸಿದರೆ ಅನಿಲ ಇನ್ನಷ್ಟು ಹುಟ್ಟುತ್ತದೆ. ಅಂಥ ನಾಯಿಯ ವಾಂತಿ ಬೆಳ್ಳುಳ್ಳಿಯಂತೆ ನಾರುತ್ತದೆ. ಆ ಗಾಳಿ ನಮಗೂ ಅಪಾಯಕಾರಿಯಾದ್ದರಿಂದ ಕಾರಿನ ಕಿಟಕಿಗಳನ್ನು ತೆರೆದಿಡಬೇಕು. ಇನ್ನೊಂದು ಬಗೆ ಬಣ್ಣದ ಬಿಲ್ಲೆಗಳಾಗಿ ಸಿಗುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇದನ್ನು ತಿಂದ ನಾಯಿ ಎರಡು ಮೂರು ದಿನ ಏನೂ ಆಗದಂತೆಯೇ ಇದ್ದು, ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಬಿಳಿಚಿ ಬೀಳುತ್ತದೆ. ಆದ್ದರಿಂದ ಬಿಲ್ಲೆ ತಿಂದದ್ದು ಗೊತ್ತಾದ ದಿನವೇ, ನಾಯಿ ಕುಣಿದಾಡುತ್ತಿದ್ದರೂ, ವೈದ್ಯರ ಬಳಿಗೆ ಹೋಗಬೇಕು. ಇದಕ್ಕೆ ವಿಟಮಿನ್ ಕೆ1 ಎಂಬ ಖಚಿತ ಪ್ರತಿಮದ್ದಿದೆ, ಅದನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ.

ದ್ರಾಕ್ಷಿಯೇ ನಾಯಿಗೆ ವಿಷವೆಂಬುದು ದ್ರಾಕ್ಷಿ ಬೆಳೆಯುವ ಊರುಗಳಲ್ಲೂ ಬಹಳ ಜನಕ್ಕೆ ತಿಳಿದಿಲ್ಲ. ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವೆಂದು ಈಗ ತಿಳಿಯಲಾಗಿದೆ. ಮೊದಲ ದಿನ ವಾಂತಿ ಮಾಡಿಕೊಂಡು ಚೇತರಿಸಿಕೊಂಡಂತೆ ಕಂಡ ನಾಯಿಯ ಮೂತ್ರಪಿಂಡಗಳು ಒಂದೆರಡು ದಿನಗಳಲ್ಲಿ ಕೆಡಬಹುದು. ಒಣದ್ರಾಕ್ಷಿಗೂ ಈ ಮಾತು ಸಲ್ಲುತ್ತದೆ. ಹುಣಸೆಹಣ್ಣಿನಲ್ಲೂ ಇದೇ ಆಮ್ಲವಿರುವುದರಿಂದ, ವಿಷ ಕಕ್ಕಿಸಲು ಹುಣಸೆಹುಳಿ ಕದಡಿ ಕುಡಿಸುವ ಹಳೆಯ ರೂಢಿಯನ್ನು ಕೈಬಿಡಲೇಬೇಕು. ಉಪ್ಪುನೀರು ಕುಡಿಸುವುದೂ ಅಷ್ಟೇ ಅಪಾಯ. ವಾಂತಿ ಮಾಡಿಸಬೇಕೇ ಬೇಡವೇ ಎಂಬುದು ವಿಷದ ಬಗೆಯನ್ನೂ ತಿಂದು ಎಷ್ಟು ಹೊತ್ತಾಯಿತೆಂಬುದನ್ನೂ ನೋಡಿ ವೈದ್ಯರು ತೀರ್ಮಾನಿಸಬೇಕಾದ ಸಂಗತಿ.

ಪಾವಗಡ, ಶಿರಾ ಕಡೆಯ ಕಡಲೆಕಾಯಿ ಹೊಲಗಳಲ್ಲಿ, ರಾಗಿ ಹುಲ್ಲಿನ ಮೆದೆಗಳ ಬುಡದಲ್ಲಿ ಹಾವು ಕಚ್ಚುವುದು ಸಾಮಾನ್ಯ. ಮೂಸಿ ನೋಡಲು ಹೋಗುವ ನಾಯಿಗೆ ಹೆಚ್ಚಾಗಿ ಮುಖಕ್ಕೋ ಮುಂಗಾಲಿಗೋ ಕಚ್ಚಿರುತ್ತದೆ. ಕೊಳಕುಮಂಡಲ ಕಚ್ಚಿದರೆ ಆ ಭಾಗ ಬಾತು ರಕ್ತ ಒಸರುತ್ತದೆ. ನಾಗರಹಾವಿನ ವಿಷ ನರಗಳಿಗೇರಿ ಉಸಿರಾಟವನ್ನೇ ನಿಲ್ಲಿಸಬಹುದು. ಕಟ್ಟುಹಾವು ಕಚ್ಚಿದ ಗುರುತು ಕಾಣದೆಯೂ ಇರಬಹುದು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು, ಹಾವನ್ನು ಹೊಡೆಯಲು ಹೊತ್ತು ಕಳೆಯುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡೇ ಹೋಗಬೇಕು. ನಾಲ್ಕು ಮುಖ್ಯ ವಿಷದ ಹಾವುಗಳಿಗೂ ಸಲ್ಲುವ ಒಂದೇ ಪ್ರತಿವಿಷದ ಸೀರಮ್ ಇದೆ. ಅದು ಎಲ್ಲ ಚಿಕಿತ್ಸಾಲಯಗಳಲ್ಲೂ ಇರುವುದಿಲ್ಲವಾದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಂಡರೆ ಒಂದು ಗಂಟೆ ಉಳಿಯುತ್ತದೆ.

ರೇಬೀಸ್ ಎಂಬ ಅನುಮಾನವಿದ್ದರೆ

ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ನೀರು ನುಂಗಲಾಗದೆ, ಬೊಗಳುವ ದನಿ ಬದಲಾದ ನಾಯಿಯನ್ನು ಕಂಡಾಗ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವವರಿದ್ದಾರೆ. ಇದೇ ಹುಚ್ಚುನಾಯಿ ರೋಗದ ಲಕ್ಷಣವೂ ಆಗಿರಬಹುದು. ಲಸಿಕೆ ಸರಿಯಾಗಿ ಆಗಿರದ, ಬೀದಿನಾಯಿಗಳೊಂದಿಗೆ ಕಾದಾಡಿದ ನಾಯಿಯಾದರಂತೂ ಬರಿಗೈಯಲ್ಲಿ ಮುಟ್ಟಲೇಬಾರದು. ಕೋಣೆಯಲ್ಲಿ ಕೂಡಿಹಾಕಿ ವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ, ಪರಚಿದ್ದರೆ, ಗಾಯದ ಮೇಲೆ ಜೊಲ್ಲು ಬಿದ್ದಿದ್ದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಆರಂಭಿಸಬೇಕು. ನಾಯಿಯ ಮೇಲಿನ ಪ್ರೀತಿ ಎಷ್ಟೇ ಇದ್ದರೂ ಇಲ್ಲಿ ಮನೆಯ ಮಕ್ಕಳೇ ಮೊದಲು.

ಮನೆಯ ಮಾತ್ರೆ ಡಬ್ಬ

ನಮ್ಮ ಜ್ವರದ ಪ್ಯಾರಾಸಿಟಮಾಲ್, ಮೈಕೈ ನೋವಿನ ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವು ನಾಯಿಗೆ ಔಷಧಿಯಲ್ಲ. ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸಿದರೆ ಉಳಿದೆರಡು ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳಿಗೆ ಪೆಟ್ಟು ಕೊಡುತ್ತವೆ. ಉಣ್ಣಿ ಜ್ವರದಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟದ ಸ್ಥಿತಿಯಿರುವಾಗ ನೋವಿನ ಮಾತ್ರೆ ಕೊಟ್ಟರೆ ಆಗುವ ಹಾನಿಯನ್ನು ಊಹಿಸಬಹುದು. ಬಾಯಿ ತೆರೆದು ಬಲವಂತವಾಗಿ ನೀರನ್ನೋ ಗಂಜಿಯನ್ನೋ ಸುರಿಯುವುದೂ ತಪ್ಪು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿ ನಿಂತಿರುವ, ಎಚ್ಚರವಿರುವ ನಾಯಿ ತಾನಾಗಿ ನೆಕ್ಕುವುದಾದರೆ ಸ್ವಲ್ಪಸ್ವಲ್ಪವೇ ನೀರು ಇಡಿ.

ಸಾಗಿಸುವುದು

ದೊಡ್ಡ ನಾಯಿಯನ್ನು ದಪ್ಪ ಬೆಡ್‌ಶೀಟಿನ ಮೇಲೆ ಮಲಗಿಸಿ ಇಬ್ಬರು ನಾಲ್ಕು ಮೂಲೆ ಹಿಡಿದು ಎತ್ತಬೇಕು. ಅಪಘಾತವಾಗಿದ್ದರೆ ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸುವುದು ಲೇಸು. ಕಚ್ಚುವ ಭಯವಿದ್ದಾಗ ಬಾಯಿಗೆ ಬಟ್ಟೆ ಕಟ್ಟಬಹುದು. ಆದರೆ ವಾಂತಿ ಮಾಡುತ್ತಿರುವ ಅಥವಾ ಉಸಿರಿಗೆ ಕಷ್ಟಪಡುತ್ತಿರುವ ನಾಯಿಯ ಬಾಯಿಯನ್ನು ಎಂದಿಗೂ ಕಟ್ಟಬಾರದು. ರಾತ್ರಿ ಹೊತ್ತು ಎಲ್ಲ ಆಟೋದವರೂ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಬರಲೊಪ್ಪುವ ಒಬ್ಬರ ನಂಬರನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು.

ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ನಮ್ಮ ಜನ ಅದನ್ನು ದನದ ಆಸ್ಪತ್ರೆ ಎಂದೇ ಕರೆಯುವುದರಿಂದ ನಾಯಿಯನ್ನು ಅಲ್ಲಿ ನೋಡುವುದಿಲ್ಲವೆಂದು ಹಲವರು ತಿಳಿದಿದ್ದಾರೆ, ಅದು ನಿಜವಲ್ಲ. ಆದರೂ ವೈದ್ಯರು ಹಳ್ಳಿಗಳ ಕರೆಗೆ ಹೊರಗೆ ಹೋಗಿರಬಹುದಾದ್ದರಿಂದ ವಿಚಾರಿಸಿ ಹೊರಡಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಿಗುವ ಸಂಚಾರಿ ಪಶು ಚಿಕಿತ್ಸಾ ಸೇವೆ ಮುಖ್ಯವಾಗಿ ದನಕರು, ಕುರಿ, ಮೇಕೆಗಳಿಗಾಗಿ ರೂಪಿಸಿದ್ದು. ಹತ್ತಿರದಲ್ಲಿ ಯಾರಿದ್ದಾರೆಂದು ತಿಳಿಯಲಾದರೂ ಅಲ್ಲಿ ವಿಚಾರಿಸಬಹುದು. ಶಸ್ತ್ರಚಿಕಿತ್ಸೆ, ರಕ್ತ ಕೊಡಿಸುವುದು ಮುಂತಾದವು ಬೇಕಾದರೆ ಬೆಂಗಳೂರಿಗೆ ಹೋಗಬೇಕಾಗಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬಳ್ಳಾರಿ ರಸ್ತೆಯಲ್ಲೇ ಇರುವುದರಿಂದ ಚಿಕ್ಕಬಳ್ಳಾಪುರದವರಿಗೆ ನೇರ ದಾರಿ. ಕೋಲಾರ, ತುಮಕೂರಿನವರು ನಗರದ ಸಂಚಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಾವಗಡದಂಥ ಊರಿನವರಿಗೆ ತುಮಕೂರೇ ಎರಡು ಗಂಟೆಗೂ ಮೀರಿದ ಪಯಣವಾದ್ದರಿಂದ, ಮೊದಲು ಸ್ಥಳೀಯ ವೈದ್ಯರಿಂದ ಡ್ರಿಪ್ ಹಾಕಿಸಿ ಸ್ಥಿತಿ ಸ್ವಲ್ಪ ನಿಂತ ಮೇಲೆ ಹೊರಡುವುದೇ ಸುರಕ್ಷಿತ.

ವೈದ್ಯರ ಮುಂದೆ ಬರೆದ ಹಾಳೆಯನ್ನೂ ಲಸಿಕೆಯ ಪುಸ್ತಕವನ್ನೂ ಇಡಿ. ನೀವು ಕೊಟ್ಟುಬಿಟ್ಟಿರುವ ಮಾತ್ರೆಯೋ ನಾಟಿ ಔಷಧಿಯೋ ಇದ್ದರೆ ಸಂಕೋಚಪಡದೆ ಹೇಳಿ. ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಏನೆಂದು ಅನುಮಾನವಿದೆ, ಯಾವ ಪರೀಕ್ಷೆ ಬೇಕು, ಎಷ್ಟು ದಿನ ಬರಬೇಕಾಗುತ್ತದೆ, ಒಟ್ಟು ಎಷ್ಟು ಖರ್ಚಾಗಬಹುದು ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಕೈಯಲ್ಲಿ ಇರುವ ಹಣವನ್ನು ಮೊದಲೇ ತಿಳಿಸಿದರೆ ಯಾವ ಪರೀಕ್ಷೆ ಅನಿವಾರ್ಯ, ಯಾವುದು ಕಾಯಬಹುದು ಎಂದು ವೈದ್ಯರು ಆರಿಸಬಲ್ಲರು.

ಮನೆಗೆ ಬಂದ ಮೇಲೆ

ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ನಾಲ್ಕನೆಯ ದಿನ ನಾಯಿ ಎದ್ದು ಓಡಾಡಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಒಳಗೇ ಉಳಿದುಬಿಡಬಹುದು. ಖಾಲಿ ಹೊಟ್ಟೆಯಲ್ಲಿ ಕೊಡದೆ ಅನ್ನದ ತುತ್ತಿನೊಳಗಿಟ್ಟು ಕೊಡಿ. ಉಪ್ಪು, ಮಸಾಲೆ, ಈರುಳ್ಳಿ ಇಲ್ಲದ ಮೆತ್ತನೆಯ ಅನ್ನವನ್ನು ಬೇಯಿಸಿದ ಕೋಳಿಮಾಂಸದೊಂದಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಹಾಕಬಹುದು. ನಮ್ಮ ನಾಯಿಗೆ ಮೊದಲ ವಾರ ನನ್ನ ತಾಯಿ ನೆಲದ ಮೇಲೆ ಕುಳಿತು ಕೈಯಿಂದಲೇ ತಿನ್ನಿಸಿದರು; ತಟ್ಟೆಯಲ್ಲಿಟ್ಟರೆ ಮುಟ್ಟದ ಅನ್ನವನ್ನು ಅದು ಅವರ ಅಂಗೈಯಿಂದ ನೆಕ್ಕಿ ತಿನ್ನುತ್ತಿತ್ತು. ಉಣ್ಣಿಗಳನ್ನು ನಾಯಿಯ ಮೈಮೇಲೆ ಮಾತ್ರ ಹುಡುಕಿದರೆ ಸಾಲದು, ಅವು ಗೋಡೆಯ ಬಿರುಕು, ಗೋಣಿಚೀಲದ ಮಡಿಕೆಗಳಲ್ಲಿ ಮೊಟ್ಟೆಯಿಡುತ್ತವೆ.

ಮನೆಯಲ್ಲಿ ದುಗುಡ ತುಂಬಿರುವ ಈ ದಿನಗಳಲ್ಲಿ ಯಾರ ನಿರ್ಲಕ್ಷ್ಯದಿಂದ ಹೀಗಾಯಿತೆಂಬ ಚರ್ಚೆ ಏಳುತ್ತದೆ. ನಾಯಿಗಳು ತಮ್ಮ ನೋವನ್ನು ಬಹಳ ದಿನ ತೋರಿಸದೆ ಇರುವುದರಿಂದ ತಡವಾಗಿ ಗೊತ್ತಾಗುವುದು ಎಚ್ಚರವಿರುವ ಮನೆಗಳಲ್ಲೂ ಆಗುತ್ತದೆ. ಔಷಧಿಯ ವೇಳೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಯಾರು ಯಾವ ಹೊತ್ತು ನೋಡಿಕೊಳ್ಳಬೇಕೆಂದು ಹಂಚಿಕೊಂಡರೆ ಆ ಚರ್ಚೆಗೆ ಜಾಗ ಕಡಿಮೆಯಾಗುತ್ತದೆ. ಮಕ್ಕಳಿಗೂ ನೀರಿನ ಬಟ್ಟಲು ತೊಳೆಯುವಂಥ ಒಂದು ಕೆಲಸ ಕೊಡಿ. ಆದರೆ ಇಲಿಜ್ವರದ ಅನುಮಾನವಿದ್ದರೆ ನಾಯಿಯ ಮೂತ್ರದಿಂದ ಅದು ಮನುಷ್ಯರಿಗೂ ತಗಲುವುದರಿಂದ ಮಕ್ಕಳನ್ನು ದೂರವಿಟ್ಟು ದೊಡ್ಡವರೇ ಕೈಗವಸು ಹಾಕಿ ಶುಚಿಮಾಡಬೇಕು.

ಎಲ್ಲವನ್ನೂ ಮಾಡಿದರೂ ಕೆಲವು ನಾಯಿಗಳು ಉಳಿಯುವುದಿಲ್ಲ. ಗುಣವಾಗದ ಯಾತನೆಯಲ್ಲಿ ನಾಯಿ ಉಣ್ಣಲಾರದೆ, ಏಳಲಾರದೆ, ನೋವಿಲ್ಲದ ಒಂದು ಗಳಿಗೆಯೂ ಇಲ್ಲದೆ ಇರುವಾಗ ದಯಾಮರಣದ ಬಗ್ಗೆ ವೈದ್ಯರೊಂದಿಗೆ ಮಾತನಾಡುವುದು ಕೈಬಿಡುವುದಲ್ಲ. ಆ ಹೊತ್ತಿನಲ್ಲಿ ಮನೆಯವರೊಬ್ಬರು ಅದರ ತಲೆಯ ಬಳಿ ಕುಳಿತಿರಲಿ. ಮಕ್ಕಳಿಗೆ ನಾಯಿ ಯಾರದೋ ಮನೆಗೆ ಹೋಯಿತೆಂದು ಹೇಳದೆ ಸತ್ತಿತೆಂದೇ ಹೇಳಿ, ಅಳಲು ಬಿಡಿ. ಹೂಳುವುದಾದರೆ ಬಾವಿ ಮತ್ತು ಕೊಳವೆಬಾವಿಯಿಂದ ದೂರದಲ್ಲಿ, ಬೇರೆ ಪ್ರಾಣಿಗಳು ಕೆದರದಂತೆ 3ರಿಂದ 4 ಅಡಿ ಆಳದಲ್ಲಿ ಹೂಳಬೇಕು.

ಪಾರ್ವೊದಿಂದ ಮರಿ ಸತ್ತ ಮನೆಗೆ ಮಾತ್ರ ಕೂಡಲೇ ಇನ್ನೊಂದು ಮರಿ ತರಬೇಡಿ. ಆ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವಂತವಾಗಿರುತ್ತದೆ. ಸಾಮಾನ್ಯ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ನೆಲ, ಬಟ್ಟಲು, ಸರಪಳಿಗಳನ್ನು ಮೊದಲು ಸೋಪಿನಿಂದ ತೊಳೆದು, ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣ 1 ಪಾಲಿಗೆ 30 ಪಾಲು ನೀರು ಬೆರೆಸಿ ಹಚ್ಚಿ 10 ನಿಮಿಷ ಬಿಟ್ಟು ಮತ್ತೆ ತೊಳೆಯಬೇಕು. ಹಳೆಯ ಗೋಣಿಚೀಲಗಳನ್ನು ಸುಟ್ಟುಬಿಡಬೇಕು. ಮಣ್ಣಿನ ಅಂಗಳವನ್ನು ಹೀಗೆ ಶುಚಿ ಮಾಡಲಾಗುವುದಿಲ್ಲವಾದ್ದರಿಂದ, ಮುಂದೆ ಬರುವ ಮರಿ 6ರಿಂದ 8 ವಾರಗಳಲ್ಲಿ ಆರಂಭವಾಗಿ 16 ವಾರಗಳವರೆಗೆ ನಡೆಯುವ ಲಸಿಕೆಗಳನ್ನೆಲ್ಲ ಬೇರೆಡೆಯೇ ಮುಗಿಸಿಕೊಂಡು, ಕೊನೆಯ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ ಆ ಅಂಗಳಕ್ಕೆ ಕಾಲಿಡಲಿ.